ಹತ್ತು ಕಾರ್ಡಿಗೆ ಒಂದು ಕಥೆ

ನ್ಯಾಮತಿ
೧೬ ಜನವರಿ ೨೦೨೪

ಯಾಸ್ಮೀನ್,

ಕ್ಷೇಮ ಕೇಳುವ ಮುಖ ನನಗಿಲ್ಲ, ಕೇಳುವುದಿಲ್ಲ. ಫೋನಿನಲ್ಲಿ ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಬಂಗಾರಪ್ಪ ಮಾವನ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದೊಡನೆ ಇಟ್ಟುಬಿಟ್ಟೆ. ಅದಕ್ಕೇ ಪೋಸ್ಟಾಫೀಸಿಗೆ ಹೋಗಿ ಕವರು ತಂದೆ. ಅಲ್ಲಿದ್ದವರು "ಕವರು ಕೇಳೋರೇ ಇಲ್ವಲ್ಲಮ್ಮ ಈಗ" ಅಂತ ಹುಡುಕಾಡಿ ಕೊಟ್ಟರು. ಎರಡು ವರ್ಷ ಹಾಸ್ಟೆಲಿನ ಒಂದೇ ರೂಮಿನಲ್ಲಿ ಒಂದೇ ಬಕೆಟ್ಟಿಗೆ ಜಗಳವಾಡಿದವರು ನಾವು, ಈಗ ಹೀಗೆ.

ಭಾನುವಾರ ಚನ್ನಗಿರಿಯ ಕ್ಲಾಸಿನಲ್ಲಿ ಆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಗೊತ್ತಿರುವುದನ್ನೇ ಬರೆದಿದ್ದಾಳೆ ಅಂತ ಹರಿದು ಹಾಕಬೇಡ. ಒಂದು ಸಲ ನನ್ನ ಕೈಯಿಂದಲೇ ಬರಲಿ.

ಸತೀಶ್ ಕುಮಾರ್ ಸರ್ ವಾರವೆಲ್ಲ ಹೊನ್ನಾಳಿಯಲ್ಲಿ, ಶನಿವಾರ ನ್ಯಾಮತಿಯಲ್ಲಿ, ಭಾನುವಾರ ಚನ್ನಗಿರಿಯಲ್ಲಿ ಈ ಹೊರದೇಶದ ಇಂಗ್ಲಿಷ್ ಪರೀಕ್ಷೆಗೆ ಪಾಠ ಹೇಳುತ್ತಾರೆ. ನಾನು ಮಾವನ ಮನೆಯಲ್ಲಿದ್ದುಕೊಂಡು ಸೆಪ್ಟೆಂಬರಿನಿಂದ ಹೊನ್ನಾಳಿಗೆ ಹೋದೆ. ನಾವಿಬ್ಬರೂ ಅರ್ಜಿ ಹಾಕಿದ ಯೂನಿವರ್ಸಿಟಿ ಕೇಳಿದ್ದು ಒಂಬತ್ತಕ್ಕೆ ಆರೂವರೆ ಬ್ಯಾಂಡು. ಓದುವುದು, ಬರೆಯುವುದು, ಕೇಳಿಸಿಕೊಳ್ಳುವುದು ಹೇಗೋ ಆಗುತ್ತದೆ. ಮಾತಾಡುವುದೇ ನಮಗೆ ಗಂಟಲಲ್ಲಿ ಸಿಕ್ಕಿಕೊಳ್ಳುವುದು. ಒಂದು ಕಾರ್ಡು ಕೊಡುತ್ತಾರೆ, ಒಂದು ನಿಮಿಷ ಯೋಚನೆಗೆ, ಎರಡು ನಿಮಿಷ ಮಾತಿಗೆ. ನೆನಪಾಗುವ ಒಬ್ಬ ವ್ಯಕ್ತಿ, ಮರೆಯಲಾಗದ ಒಂದು ದಿನ, ನೀರಿರುವ ಒಂದು ಜಾಗ, ಯಾರೋ ಮಾಡಿದ ಧೈರ್ಯದ ಕೆಲಸ, ಹೀಗೆ ನೂರಾರು ಕಾರ್ಡು.

ಸರ್ ಅವರದು ಒಂದು ಉಪಾಯ. "ನೂರು ಕಾರ್ಡಿಗೆ ನೂರು ಉತ್ತರ ಕಲಿಯಾಕೆ ಆಗಲ್ರೀ. ಒಂದು ಕಥೆ ಗಟ್ಟಿ ಮಾಡ್ಕೊಳ್ರಿ, ಅದನ್ನೇ ಹತ್ತು ಕಾರ್ಡಿಗೆ ಹೊಂದಸ್ರಿ. ಆದ್ರೆ ಅದ್ರಾಗೆ ಒಂದು ಸಾವು ಇರ್ಲಿ. ಸಾವಿತ್ತು ಅಂದ್ರೆ ನೀವು ತಡವರಿಸಿದ್ರೂ ಪಾಪ ದುಃಖ ಅಂತಾರೆ, ಇಂಗ್ಲಿಷ್ ಬರಲ್ಲ ಅನ್ನಲ್ಲ."

ಎಲ್ಲರೂ ತಮ್ಮ ತಮ್ಮ ಮನೆಯ ಸಾವು ಬರೆದರು. ನನ್ನ ಸರದಿ ಬಂತು. "ನಿಮ್ಮನೇಲಿ ಯಾರ್ರೀ?" ಅಂದರು. ಯಾರೂ ಇಲ್ಲ ಸರ್ ಅಂದೆ. "ಅಜ್ಜ?" ಅದಾರೆ ಸರ್. "ಅಜ್ಜಿ?" ಅವರೂ ಅದಾರೆ. "ಯಾರೂ ಸತ್ತಿಲ್ವಾ? ಹಂಗಾದ್ರೆ ಕಷ್ಟ ಐತಲ್ರೀ ನಿಮ್ದು." ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಜಗಳೂರಿನಲ್ಲಿ ನಮ್ಮ ಉಚ್ಚಂಗೆಪ್ಪ ಅಜ್ಜ ಎಂಬತ್ತಾರನೇ ವಯಸ್ಸಿಗೂ ಚಹಾಕ್ಕೆ ಸಕ್ಕರೆ ಸಾಲದು ಅಂತ ಗುದ್ದಾಡುವವನು, ಅದು ನನಗೊಂದು ಕೊರತೆಯಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಅವತ್ತು ಮನೆಗೆ ಬಂದು ಅಫ್ತಾಬನನ್ನು ಬರೆದೆ. ನಿನ್ನ ತಮ್ಮನನ್ನು ನನ್ನ ತಮ್ಮ ಅಂತ ಬರೆದೆ. ನಿಮ್ಮಪ್ಪನ ಅಂಗಡಿಯ ಗಾದಿಯ ಹೊದಿಕೆ ತೊಳೆಯಲು ಅವನು ಭದ್ರಾ ನಾಲೆಗೆ ಹೋದದ್ದು, ಬೀದಿಯ ಕೊನೆಯಿಂದ ಎರಡು ಸಲ ಸಿಳ್ಳೆ ಹಾಕಿದರೆ ನೀನು ಚಿಲಕ ತೆಗೆಯುತ್ತಿದ್ದದ್ದು, ಎರಡು ದಿನದ ಮೇಲೆ ತೂಬಿನ ಹತ್ತಿರ ಸಿಕ್ಕಿದ್ದು, ಎಲ್ಲ. ಡಿಸೆಂಬರಿನ ಪರೀಕ್ಷೆಯಲ್ಲಿ ಅದೇ ಹೇಳಿದೆ. ಏಳು ಬಂತು. ಸರ್ "ನಿಮ್ಮ ಉತ್ತರ ಕೊಡ್ರಿ, ನೋಟ್ಸಿಗೆ ಹಾಕ್ತೀನಿ" ಅಂದರು. ಕೊಟ್ಟೆ. ಯಾಕೆ ಕೊಟ್ಟೆ ಅಂದರೆ, ಏಳು ಬಂದ ಖುಷಿಗೆ ಕೊಟ್ಟೆ. ಬೇರೆ ಕಾರಣ ಹುಡುಕಿದರೂ ಸಿಗುತ್ತಿಲ್ಲ.

ನಿನ್ನನ್ನು ಆಗಷ್ಟೇ ಚನ್ನಗಿರಿ ಬ್ಯಾಚಿಗೆ ಸೇರಿಸಿದವಳೂ ನಾನೇ. ಏಳು ತೆಗೆದವಳು ಅಂತ ತೋರಿಸಲು ಸರ್ ನನ್ನನ್ನು ಅಲ್ಲಿಗೆ ಕರೆದೊಯ್ದು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದರು. "ಕಾರ್ಡ್ ನಂಬರ್ ಹದಿನಾಲ್ಕು" ಅಂದರು. ಒಬ್ಬೊಬ್ಬರೇ ಎದ್ದರು. ಎಂಟು ಜನ. ಎಂಟು ಜನರ ತಮ್ಮಂದಿರೂ ಎರಡು ಸಲ ಸಿಳ್ಳೆ ಹಾಕಿದರು, ನಾಲೆಗೆ ಹೋದರು. ನೀನು ಎದ್ದು ನಿಂತೆ. ಸರ್ ನಿನ್ನ ಮುಖ ನೋಡಿ, "ನೋಡ್ರಿ, ಕಣ್ಣೀರು ಬಂತು. ಇದು ವರ್ಕ್ ಆಗ್ತೈತೆ ಅಂತ ಹೇಳಿರ್ಲಿಲ್ವಾ?" ಅಂದರು.

ನೀನು ನನ್ನನ್ನು ನೋಡಿ ಹೊರಗೆ ಹೋದೆ. ಬೈದಿದ್ದರೆ ಚೆನ್ನಾಗಿತ್ತು.

ಉತ್ತರ ಬರಿ ಅಂತ ಕೇಳಲಾರೆ, ಆದರೂ ಕಾಯುತ್ತಿರುತ್ತೇನೆ.

ಯಶೋಧರಾ


ಬಸವಾಪಟ್ಟಣ
೨ ಫೆಬ್ರವರಿ ೨೦೨೪

ಯಶೋಧರಾ,

ನಿನ್ನ ಕವರು ಅಪ್ಪನ ಕೈಗೆ ಸಿಕ್ಕಿತು. ಹತ್ತಿ ಹಿಂಜುತ್ತಿದ್ದವರು ಕೈ ಒರೆಸಿಕೊಂಡು ತಂದುಕೊಟ್ಟು, "ನಿನ್ನ ಗೆಳತಿ ಪಾಪ, ಕಾಗದ ಬರೆದಾಳೆ ನೋಡು, ಈ ಕಾಲದಾಗೆ ಯಾರು ಬರೀತಾರೆ?" ಅಂದರು. ನಿನ್ನ ಬಗ್ಗೆ ಅವರಿಗೆ ಈಗಲೂ ಒಳ್ಳೆಯ ಅಭಿಪ್ರಾಯ ಇದೆ. ಕೆಡಿಸಿಲ್ಲ.

ಹದಿನೈದು ದಿನ ಉತ್ತರ ಬರೆಯಬಾರದು ಅಂತಿದ್ದೆ. ಒಂದು ವಿಷಯ ಕೇಳಲೇಬೇಕಾಗಿರುವುದರಿಂದ ಬರೆಯುತ್ತಿದ್ದೇನೆ, ನಿನ್ನ ಮೇಲಿನ ಪ್ರೀತಿಗಲ್ಲ.

ಸಾವು ಇಲ್ಲದ್ದಕ್ಕೆ ಸಾಲ ತಂದೆ ಅನ್ನುವ ಹಾಗೆ ಬರೆದಿದ್ದೀಯ. ಸಕ್ಕರೆ ಇಲ್ಲ ಅಂದರೆ ಪಕ್ಕದ ಮನೆಗೆ ಲೋಟ ಹಿಡಿದು ಹೋಗುತ್ತಾರೆ, ಸರಿ. ಕೇಳಿ ತರುತ್ತಾರೆ ತಾನೆ? ನೀನು ಕೇಳಿದ್ದರೆ ನಾನು ಕೊಡುತ್ತಿರಲಿಲ್ಲ, ಅದು ನಿನಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ಕೇಳಬೇಕಾದದ್ದು ಇದು. ಅವತ್ತು ಆ ಎಂಟು ಜನವೂ, ನಾಲೆಗೆ ಬಿದ್ದ ಒಂದು ಮಗುವನ್ನು ಉಳಿಸಲು ಹೋಗಿ ತಮ್ಮ ಸತ್ತ ಅಂತ ಹೇಳಿದರು. ಅಫ್ತಾಬ್ ಯಾವ ಮಗುವನ್ನೂ ಉಳಿಸಲಿಲ್ಲ. ಅಲ್ಲಿ ಮಗು ಇರಲಿಲ್ಲ. ಅದು ಎಲ್ಲಿಂದ ಬಂತು? ಸರ್ ಸೇರಿಸಿದರಾ, ನೀನಾ?

ಇಷ್ಟಕ್ಕೆ ಮಾತ್ರ ಉತ್ತರ ಬರಿ. ನಿನ್ನ ಅಜ್ಜನ ಚಹಾದ ಕಥೆ ಬೇಡ.

ಯಾಸ್ಮೀನ್


ನ್ಯಾಮತಿ
೧೧ ಫೆಬ್ರವರಿ ೨೦೨೪

ಯಾಸ್ಮೀನ್,

ನಾನೇ ಸೇರಿಸಿದ್ದು.

ಹಾಸ್ಟೆಲಿನ ತಾರಸಿಯ ಮೇಲೆ ಬಿಸಿಲಿಗೆ ಕೂದಲು ಒಣಗಿಸುತ್ತ ಕೂತಿದ್ದಾಗ ನೀನು ಹೇಳಿದ್ದು ನೆನಪಿದೆಯಾ? ಅವನು ಮುಳುಗಿದ ದಿನ ಹೊದಿಕೆ ತೊಳೆಯುವ ಪಾಳಿ ನಿನ್ನದು. ಮರುದಿನ ಇಂಟರ್ನಲ್ಸ್ ಇತ್ತು, ನೀನು ಪುಸ್ತಕ ಬಿಟ್ಟು ಏಳಲಿಲ್ಲ. ಅಫ್ತಾಬ್ ಬಂದು "ಅಕ್ಕ, ಮೈ ಬಿಸಿ ಐತೆ, ನೀನೇ ಹೋಗೇ" ಅಂದ. ನೀನು ಅವನನ್ನು ಮುಟ್ಟಿಯೂ ನೋಡದೆ "ನಾಟ್ಕ ಮಾಡಬ್ಯಾಡ, ಹೋಗೋ" ಅಂದೆ. ಅವನು ಹೋದ. ಅವನಿಗೆ ಎಂಟು ವರ್ಷದವನಿದ್ದಾಗಿನಿಂದ ಈಜು ಗೊತ್ತಿತ್ತು. ಮೂರು ವರ್ಷವಾದರೂ ನಿನ್ನ ಅಮ್ಮ ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಾಳೆ, "ಈಜು ಬರ್ತಿತ್ತಲ್ಲ ಅವನಿಗೆ, ಹೆಂಗೆ ಮುಳುಗಿದ?" ಅಂತ. ಜ್ವರ ಇತ್ತು ಅಂತ ನಿನಗೆ ಗೊತ್ತು, ಅವಳಿಗೆ ಹೇಳಿಲ್ಲ, ಸಾಯುವವರೆಗೂ ಹೇಳುವುದಿಲ್ಲ ಅಂದೆ. ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡೆ.

ಅಫ್ತಾಬನನ್ನು ಬರೆಯುತ್ತ ಹೋದೆ. ಈಜು ಬರುವ ಹುಡುಗ ಮುಳುಗಿದ್ದು ಹೇಗೆ ಅನ್ನುವ ಕಡೆ ಪೆನ್ನು ನಿಂತಿತು. ಜ್ವರ ಅಂತ ಬರೆಯಲು ಕೈ ಬರಲಿಲ್ಲ, ಆಣೆ ಇತ್ತಲ್ಲ. ಅಲ್ಲಿ ಒಂದು ಮಗುವನ್ನು ನೀರಿಗೆ ಹಾಕಿದೆ. ಮೂರು ವರ್ಷದ ಗಂಡು ಮಗು, ಕೆಂಪು ಅಂಗಿ. ನಿನ್ನ ಗುಟ್ಟು ಉಳಿಯಲಿ ಅಂತ ಮಾಡಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಮಗು ಬಂದರೆ ಧೈರ್ಯದ ಕೆಲಸದ ಕಾರ್ಡಿಗೂ ಅದೇ ಕಥೆ ಆಗುತ್ತದೆ ಅನ್ನುವುದು ಇನ್ನರ್ಧ. ಎರಡನ್ನೂ ಬರೆದಿದ್ದೇನೆ, ನಿನಗೆ ಇಷ್ಟ ಬಂದದ್ದು ಇಟ್ಟುಕೋ.

ಜ್ವರದ ಮಾತು ನಾನು ಯಾರಿಗೂ ಹೇಳಿಲ್ಲ. ಅದೊಂದು ನಂಬು.

ಹೊನ್ನಾಳಿಗೆ ಹೋಗಿ ಸರ್ ಹತ್ತಿರ ಆ ಪುಟ ತೆಗೆಸಿ ಅಂತ ಕೇಳಿದೆ. "ಯಾಕ್ರೀ? ಯಾರ ಹೆಸ್ರೂ ಹಾಕಿಲ್ಲ. ಪುಸ್ತಕ ಮಾಡ್ಸಿ ಮೂರು ಊರಿಗೂ ಹಂಚಿ ಆಗೈತೆ. ಒಂದು ಮನೆ ದುಃಖದಿಂದ ನಲವತ್ತು ಮಕ್ಕಳಿಗೆ ದಾರಿ ಆಗ್ತೈತೆ ಅಂದ್ರೆ ಪುಣ್ಯ ಅಲ್ವೇನ್ರೀ?" ಅಂದರು. ಕೆಟ್ಟವರಲ್ಲ ಯಾಸ್ಮೀನ್, ನಿಜವಾಗಿ ಹಾಗೇ ನಂಬಿದ್ದಾರೆ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಶನಿವಾರ ಇಲ್ಲಿಯ ಬ್ಯಾಚಿನವರನ್ನೇ ಹೊರಗೆ ನಿಲ್ಲಿಸಿ ಬೇಡಿಕೊಂಡೆ. ಸೂರಗೊಂಡನಕೊಪ್ಪದ ಕಡೆಯ ತಿಪ್ಪೇಶ್ ಅಂತ ಒಬ್ಬ, ಎಂಎಸ್ಸಿ ಕೊನೆ ವರ್ಷ, ಊರಿಂದ ಬರುವ ಬಸ್ಸಿನಲ್ಲಿ ಕೂತು ಕೂತೇ ಉರು ಹೊಡೆದವನು. ಕೈ ಮುಗಿದು ಅಂದ: "ಅಕ್ಕಾರೆ, ನಂಗೆ ಪರೀಕ್ಷೆ ಹತ್ರ ಬಂದೈತೆ. ಇಷ್ಟು ಕಲಿಯಾಕೆ ಎರಡು ತಿಂಗ್ಳು ಹಿಡೀತು. ಈಗ ಬ್ಯಾರೆ ಯಾರನ್ನ ಸಾಯಿಸ್ಲಿ?"

ದಾರಿ ಬಿಟ್ಟು ಅವನನ್ನು ಒಳಗೆ ಹೋಗಲು ಬಿಟ್ಟೆ. ಏಳು ಬ್ಯಾಂಡಿನವಳು ನಾನು.

ಯಶೋಧರಾ


ಬಸವಾಪಟ್ಟಣ
೩ ಮಾರ್ಚ್ ೨೦೨೪

ಯಶೋಧರಾ,

ಕೆಂಪು ಅಂಗಿ ಅಂತ ಬೇರೆ ಹಾಕಿದ್ದೀಯ. ನಿನ್ನನ್ನು ಏನು ಮಾಡಬೇಕು ಹೇಳು.

ನಾನು ಕ್ಲಾಸಿಗೆ ಹೋಗುತ್ತಿಲ್ಲ. ಪರೀಕ್ಷೆ ಬಿಟ್ಟಿಲ್ಲ, ಹಾಗಂದುಕೊಳ್ಳಬೇಡ. ಏಪ್ರಿಲ್ ಇಪ್ಪತ್ತಕ್ಕೆ ತಾರೀಕು ಸಿಕ್ಕಿದೆ, ಬೆಂಗಳೂರಿನಲ್ಲಿ. ಇದೊಂದು ವರ್ಷ ಹೋದರೆ ಮುಂದಿನ ವರ್ಷ ಮನೆಯವರು ನನ್ನನ್ನು ಕಾಯುವುದಿಲ್ಲ. ಭದ್ರಾವತಿಯಿಂದ ಎರಡು ಸಲ ಬಂದು ನೋಡಿಕೊಂಡು ಹೋಗಿದ್ದಾರೆ. ಹುಡುಗ ಒಳ್ಳೆಯವನೇ ಅಂತೆ. ಅಪ್ಪ "ಓದು ಮುಗೀಲಿ" ಅಂತ ತಳ್ಳುತ್ತಿದ್ದಾರೆ. ಎಷ್ಟು ದಿನ ತಳ್ಳಿಯಾರು?

ಅಪ್ಪನೇ ಈಗ ನನ್ನ ಕ್ಲಾಸು. ಅಂಗಡಿಯಲ್ಲಿ ಅವರು ಗಾದಿಗೆ ಹತ್ತಿ ತುಂಬುತ್ತ ಕೂತಿರುತ್ತಾರೆ. ನಾನು ಎದುರಿಗೆ ಮೂಟೆಯ ಮೇಲೆ ಕೂತು ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡುತ್ತೇನೆ. ಮೊಬೈಲಿನಲ್ಲಿ ಟೈಮ್ ಇಟ್ಟುಕೊಂಡು, ಮುಗಿದ ಕೂಡಲೇ ಅವರು ಗಂಭೀರವಾಗಿ "ಹೂಂ, ಪರವಾಗಿಲ್ಲ" ಅನ್ನುತ್ತಾರೆ. ಒಂದಕ್ಷರ ತಿಳಿಯುವುದಿಲ್ಲ. ಆದರೆ ನಾನು ಎಲ್ಲಿ ತಡವರಿಸಿದೆ ಅನ್ನುವುದು ಮಾತ್ರ ಸರಿಯಾಗಿ ಹಿಡಿಯುತ್ತಾರೆ. "ನಡುವೆ ಒಂದ್ಕಡೆ ಹತ್ತಿ ಗಂಟು ಕಟ್ಟಿತ್ತು, ಮತ್ತೊಂದ್ಸಲ ಹಿಂಜು" ಅನ್ನುತ್ತಾರೆ. ನಿಮ್ಮ ಸತೀಶ್ ಕುಮಾರ್ ಸರ್‌ಗಿಂತ ವಾಸಿ.

ನೂರು ಕಾರ್ಡಿಗೆ ನೂರು ಉತ್ತರ ಬೇರೆ ಬೇರೆ ಮಾಡಿಕೊಂಡಿದ್ದೇನೆ. ಉರು ಹೊಡೆದಿಲ್ಲ. ಅಫ್ತಾಬ್ ಬರಬಹುದಾದ ಕಾರ್ಡಿಗೆಲ್ಲ ನಮ್ಮ ಸೋದರತ್ತೆಯನ್ನು ಇಟ್ಟಿದ್ದೇನೆ. ಅವಳು ಬದುಕಿದ್ದಾಳೆ, ಎಲ್ಲರ ಮೇಲೂ ರೇಗುತ್ತಾಳೆ, ಎರಡು ನಿಮಿಷವೇನು ಎರಡು ಗಂಟೆ ಹೇಳಬಹುದು.

ಮೊನ್ನೆ ಅಮ್ಮ ಬಂದು ಮೂಟೆಯ ಪಕ್ಕ ನಿಂತಳು. "ಅದ್ರಾಗೆ ನಮ್ಮನೆ ವಿಷ್ಯ ಏನಾರ ಕೇಳ್ತಾರೇನೆ?" ಅಂದಳು. ಇಲ್ಲಮ್ಮ ಅಂದೆ. ತಿರುಗಿ ಒಳಗೆ ಹೋದಳು.

ಜ್ವರದ ಮಾತು ನೀನು ಹೇಳಿಲ್ಲ ಅಂದೆಯಲ್ಲ, ನಂಬಿದೆ. ನಂಬದೆ ಬೇರೆ ದಾರಿಯೂ ಇಲ್ಲ.

ಯಾಸ್ಮೀನ್


ಜಗಳೂರು
೧೨ ಏಪ್ರಿಲ್ ೨೦೨೪

ಯಾಸ್ಮೀನ್,

ನಿನ್ನೆ ಹಬ್ಬ ಆಯಿತಲ್ಲ. ಹೋದ ವರ್ಷ ನಿನ್ನ ಅಮ್ಮ ಕಳಿಸಿದ್ದ ಶಾವಿಗೆಯನ್ನು ಹಾಸ್ಟೆಲಿನಲ್ಲಿ ನಾವಿಬ್ಬರೇ ಬಾಗಿಲು ಹಾಕಿಕೊಂಡು ತಿಂದೆವು. ಈ ಸಲ ಕಳಿಸು ಅಂತ ಕೇಳುವುದಿಲ್ಲ.

ನಾನು ಊರಿಗೆ ಬಂದಿದ್ದೇನೆ. ಇಲ್ಲಿ ಕೇರಿಯಲ್ಲಿ ಹದಿನಾಲ್ಕರ ಜಯಂತಿಯ ತಯಾರಿ. ನೀಲಿ ಬಣ್ಣ ಹೊಡೆಯುತ್ತ ಅಪ್ಪ ಇಡೀ ದಿನ ಏಣಿಯ ಮೇಲಿರುತ್ತಾನೆ. ನನ್ನ ಆಫರ್ ಲೆಟರ್ ಬಂದಿದೆ. ಅಪ್ಪ ಅದನ್ನು ಜೆರಾಕ್ಸ್ ಮಾಡಿಸಿ ಬುದ್ಧನ ಫೋಟೋದ ಕೆಳಗೆ ಅಂಟಿಸಿದ್ದಾನೆ. ಬಂದವರಿಗೆಲ್ಲ ಪೇಡ. "ಏನ್ ಕೇಳಿದ್ರವ್ವ ಪರೀಕ್ಷೇಲಿ?" ಅಂತ ಅಜ್ಜ ದಿನಾ ಕೇಳುತ್ತಾನೆ. ಜಗಳೂರಿನ ಬಗ್ಗೆ ಕೇಳಿದರು, ಕುರಿಗಳ ಬಗ್ಗೆ ಹೇಳಿದೆ ಅಂದೆ. ಅಜ್ಜನಿಗೆ ಎಷ್ಟು ಸಂತೋಷ! ಊರವರಿಗೆಲ್ಲ ಹೇಳಿಕೊಂಡು ಬಂದ. ಬೌದ್ಧರಾಗಿ ಪ್ರತಿಜ್ಞೆ ತಗೊಂಡವರ ಮನೆ ನಮ್ಮದು, ಸುಳ್ಳು ಆಡಬಾರದು ಅಂತ ನನಗೆ ಅಕ್ಷರಕ್ಕಿಂತ ಮೊದಲು ಕಲಿಸಿದವನು ಅವನು.

ಇದನ್ನು ಹೇಳಲು ಬರೆಯುತ್ತಿಲ್ಲ. ಒಂದು ಮುಖ್ಯ ವಿಷಯ. ನಿನ್ನೆ ತಿಪ್ಪೇಶ್ ಫೋನ್ ಮಾಡಿದ್ದ. ಮೂರು ಬ್ಯಾಚು ಸೇರಿ ಹನ್ನೊಂದು ಜನಕ್ಕೆ ಬರುವ ವಾರವೇ, ಬೆಂಗಳೂರಿನ ಅದೇ ಕಡೆ, ಮಾತಿನ ಪರೀಕ್ಷೆಯಂತೆ. ಹದಿನೆಂಟಕ್ಕೆ ಕೆಲವರು, ಹತ್ತೊಂಬತ್ತಕ್ಕೆ ಕೆಲವರು. ಎಲ್ಲರ ಹತ್ತಿರ ಅದೊಂದೇ ಕಥೆ. ಅವರೆಲ್ಲ ಹೇಳಿ ಮುಗಿಸಿದ ಮಾರನೆಯ ದಿನ ನಿನ್ನ ಸರದಿ. ಕೇಳಿಸಿಕೊಳ್ಳುವವರು ಅವರೇ ಆಗಿದ್ದರೆ ಏನು ಗತಿ? ನಿನ್ನ ಕಾಲು ಹಿಡಿಯುತ್ತೇನೆ, ತಾರೀಕು ಮುಂದಕ್ಕೆ ಹಾಕಿಸು. ಆಗದಿದ್ದರೆ ಬಾಯಿ ತಪ್ಪಿಯೂ ಅಫ್ತಾಬನ ಹೆಸರೆತ್ತಬೇಡ, ಅತ್ತೆಯನ್ನೇ ಹೇಳು.

ನಿನ್ನ ತಮ್ಮನ ಹೆಸರನ್ನು ನೀನೇ ಎತ್ತಬೇಡ ಅಂತ ನಾನು ಹೇಳುತ್ತಿದ್ದೇನೆ. ಬರೆದ ಮೇಲೆ ನೋಡಿಕೊಂಡೆ. ಹೊಡೆದು ಹಾಕದೆ ಹಾಗೇ ಬಿಟ್ಟಿದ್ದೇನೆ.

ಈ ಕಾಗದ ಸಮಯಕ್ಕೆ ಮುಟ್ಟಲಿ.

ಯಶೋಧರಾ


ಬಸವಾಪಟ್ಟಣ
೯ ಜೂನ್ ೨೦೨೪

ಯಶೋಧರಾ,

ನಿನ್ನ ಕಾಗದ ಏಪ್ರಿಲ್ ಹದಿನೆಂಟಕ್ಕೇ ಮುಟ್ಟಿತು. ತಾರೀಕು ಬದಲಾಯಿಸಲಿಲ್ಲ. ನನ್ನ ತಮ್ಮನಿಗೆ ಹೆದರಿ ನಾನು ದಿನ ಮುಂದೂಡಬೇಕಾ ಅಂತ ಸಿಟ್ಟು ಬಂತು. ಎರಡು ತಿಂಗಳಿಂದ ನಿನಗೆ ಬರೆಯದೆ ಇದ್ದದ್ದು ಸಿಟ್ಟಿಗಲ್ಲ. ನಿನ್ನನ್ನು ಕ್ಷಮಿಸಿದ್ದೀನಾ ಅಂತ ಮಾತ್ರ ಕೇಳಬೇಡ, ನನಗೇ ಗೊತ್ತಿಲ್ಲ. ಆದರೆ ಇದನ್ನು ಹೇಳಲು ಲೋಕದಲ್ಲಿ ಇನ್ನು ಯಾರೂ ಇಲ್ಲ, ನೀನೇ ಇರುವುದು.

ಒಂದು ಚಿಕ್ಕ ಕೋಣೆ, ಒಂದು ಕುರ್ಚಿ, ಎದುರಿಗೆ ಪರದೆ. ಪರದೆಯಲ್ಲಿ ಒಬ್ಬ ಹೆಂಗಸು, ಬೆಳ್ಳಗಿನ ಕೂದಲು, ದಣಿದ ಮುಖ. ಒಳ್ಳೆಯವರ ಹಾಗೆ ಕಂಡರು. ಕಾರ್ಡು ಬಂತು: ನೀವು ಆಗಾಗ ನೆನೆಯುವ ಒಬ್ಬ ವ್ಯಕ್ತಿ. ಒಂದು ನಿಮಿಷ ನಾನು ಕಾಗದದ ಮೇಲೆ ಅತ್ತೆಯ ಬಗ್ಗೆ ನಾಲ್ಕು ಮಾತು ಗೀಚಿದೆ. ಬಾಯಿ ತೆಗೆದೆ, ಅಫ್ತಾಬ್ ಬಂದ.

ನಾನಾಗಿ ತರಲಿಲ್ಲ. ಆಗಾಗ ನೆನೆಯುವವರು ಯಾರು ಅಂತ ಕೇಳಿದರೆ ಇನ್ನು ಯಾರು ಬರುತ್ತಾರೆ ಹೇಳು? ಎಂಟು ಜನ ಅಷ್ಟು ಸಲೀಸಾಗಿ ಹೇಳಿದ್ದನ್ನು ನಾನು ಮುಗ್ಗರಿಸಿ ಮುಗ್ಗರಿಸಿ ಹೇಳಿದೆ. ಗಾದಿಯ ಹೊದಿಕೆ ಅಂದೆ. ಎರಡು ಸಿಳ್ಳೆ ಅಂದೆ. ಅಲ್ಲಿಗೆ ಅವರ ಮುಖ ಸ್ವಲ್ಪ ಬದಲಾಯಿತು, ಕಣ್ಣು ಬೇರೆ ಕಡೆ ಹೋಯಿತು. ನಾನು ನಿಲ್ಲಲಿಲ್ಲ. ಆ ಪರಕೀಯ ಭಾಷೆಯಲ್ಲಿ, ಮತ್ತೆಂದೂ ನೋಡದ ಮುಖದ ಎದುರು, ಇವತ್ತು ಜ್ವರದ ಮಾತು ಹೇಳಿಬಿಡುತ್ತೇನೆ ಅನ್ನಿಸಿತು. ಅವನು ಬಾಗಿಲಲ್ಲಿ ನಿಂತು ನನ್ನನ್ನು ಕರೆದ ಅನ್ನುವಷ್ಟರಲ್ಲಿ ಎರಡು ನಿಮಿಷ ಮುಗಿಯಿತು.

ಅವರು ಥ್ಯಾಂಕ್ಯೂ ಅಂದರು. ಆಮೇಲೆ, ಕೇಳಬಾರದ್ದನ್ನು ಕೇಳುವವರ ಹಾಗೆ ಮೆಲ್ಲಗೆ, "ಆ ಮಗು? ಮಗು ಉಳಿಯಿತಾ?" ಅಂದರು.

ನಾನು ಮಗುವಿನ ಮಾತೇ ಎತ್ತಿರಲಿಲ್ಲ ಯಶೋಧರಾ.

ಇಲ್ಲ ಮೇಡಂ, ಮಗು ಇರಲಿಲ್ಲ, ಇದು ನನ್ನ ತಮ್ಮ, ನನ್ನೊಬ್ಬಳ ತಮ್ಮ ಅಂತ ಹೇಳಬೇಕಿತ್ತು. ಇಂಗ್ಲಿಷಿನಲ್ಲಿ ಅಷ್ಟು ಬರುತ್ತಿತ್ತು ನನಗೆ. ಅಷ್ಟೊಂದು ಜನ ನನಗಿಂತ ಮೊದಲು ಬಂದು ಅವನನ್ನು ಹೇಳಿ ಹೋಗಿದ್ದರು, ನಾನು ಇಲ್ಲ ಅಂದರೆ ನಾನೇ ಸುಳ್ಳುಗಾತಿ ಆಗುತ್ತೇನೆ ಅನ್ನಿಸಿತು. "ಉಳಿಯಿತು" ಅಂದೆ. "ಈಗ ಶಾಲೆಗೆ ಹೋಗುತ್ತದೆ" ಅಂದೆ. ಹೇಳಿದ ಮೇಲೆ ಎದೆ ಹಗುರಾಯಿತು, ಅದನ್ನು ಮುಚ್ಚಿಡುವುದಿಲ್ಲ. ಅವನು ಒಂದು ಗಳಿಗೆ ಯಾರಿಗೋಸ್ಕರವೋ ಸತ್ತಿದ್ದ.

ಬೇರೆ ಮೂರರಲ್ಲಿ ನನಗೆ ಏಳು, ಆರೂವರೆ, ಆರೂವರೆ. ಮಾತಿಗೆ ನಾಲ್ಕೂವರೆ. ಒಟ್ಟು ಆರು. ಕಂಠಪಾಠ ಅಂದುಕೊಂಡಿರಬೇಕು. ಸೀಟು ಹೋಯಿತು. ಭದ್ರಾವತಿಯವರು ಶ್ರಾವಣದ ಒಳಗೆ ಮದುವೆ ಅನ್ನುತ್ತಿದ್ದಾರೆ, ನಮಗೆಲ್ಲಿಯ ಶ್ರಾವಣ ಅಂತ ಅಪ್ಪ ನಗುತ್ತಾರೆ. ಅದೆಲ್ಲ ಇರಲಿ.

ಬೆಂಗಳೂರಿನಿಂದ ಬಂದ ದಿನ ಅಮ್ಮ ಈರುಳ್ಳಿ ಹೆಚ್ಚುತ್ತ ಕೂತಿದ್ದಳು. "ಏನ್ ಕೇಳಿದ್ರು?" ಅಂದಳು. ಸುಳ್ಳು ಹೇಳುವ ಶಕ್ತಿ ಇರಲಿಲ್ಲ, ಅಫ್ತಾಬನ ಬಗ್ಗೆ ಅಂದೆ. ಈಳಿಗೆ ಬದಿಗಿಟ್ಟಳು.

"ಈಜು ಬರ್ತಿತ್ತು ಅಂತ ಹೇಳ್ದೆ?"

"ಹೇಳ್ದೆ."

"ಮತ್ತೆ ಹೆಂಗೆ ಮುಳುಗಿದ ಅಂತ ಕೇಳ್ಲಿಲ್ವಾ ಅವ್ರು?"

ಜ್ವರ ಅನ್ನಬೇಕು, ಇಲ್ಲವೇ ಸುಮ್ಮನಿರಬೇಕು. ಎರಡೂ ಆಗಲಿಲ್ಲ. ಮೂರು ವರ್ಷದ ಒಂದು ಗಂಡು ಮಗು ಬಿದ್ದಿತ್ತಂತೆ ಅಮ್ಮ, ಅದನ್ನ ಉಳಿಸೋಕೆ ಹಾರಿದನಂತೆ ಅಂದೆ. "ಯಾರು ಅಂದ್ರು?" ಅಂದಳು. "ಚನ್ನಗಿರಿ ಕ್ಲಾಸ್‌ನಾಗೆ ಹೇಳ್ತಾರೆ, ಎಲ್ರಿಗೂ ಗೊತ್ತೈತೆ" ಅಂದೆ. ಅದು ಸುಳ್ಳೂ ಅಲ್ಲ ನೋಡು.

ಅಮ್ಮ ಅಳಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು, "ಯಾವೂರ ಮಗು?" ಅಂದಳು.

ಮರುದಿನವೇ ಚೀಲಕ್ಕೆ ಬಿಸ್ಕತ್ತು, ಬಾಳೆಹಣ್ಣು, ಒಂದು ಹೊಸ ಅಂಗಿ ಹಾಕಿಕೊಂಡು ಹೊರಟಳು. ಆರು ವರ್ಷದ ಹುಡುಗನ ಅಳತೆಯ ಅಂಗಿ. ನಾಲೆಯ ಗುಂಟ ಒಂದೊಂದು ಹಳ್ಳಿ, ವಲಸೆ ಬಂದು ನೆಲೆಸಿದವರ ಒಂದೊಂದು ಕ್ಯಾಂಪು. ಅಪ್ಪ ಒಂದು ದಿನ ಗಾಡಿಯಲ್ಲಿ ಕರೆದೊಯ್ದರು, ಆಮೇಲೆ ಮುಖ ತಿರುಗಿಸಿ ಅಂಗಡಿಯಲ್ಲಿ ಕೂತರು. ರಿಸಲ್ಟ್ ಬಂದು ನನಗೆ ಬೇರೆ ಕೆಲಸ ಇಲ್ಲದಾಯಿತಲ್ಲ, ನಾನು ಹಿಂದೆ ಹಿಂದೆ ಹೋದೆ. ಪ್ರತಿ ಬಾಗಿಲಲ್ಲೂ ಅವಳದು ಒಂದೇ ಮಾತು: "ಮೂರು ವರ್ಷದ ಹಿಂದೆ ನಿಮ್ಮನೆ ಮಗು ಏನಾರ ಚಾನಲ್‌ಗೆ ಬಿದ್ದಿತ್ತೇನವ್ವ? ಗಂಡು ಮಗು. ನಮ್ಮ ಹುಡುಗ ಎತ್ತಿದ್ದ." ಒಬ್ಬಳು ನೀರು ಕೊಟ್ಟಳು. ಒಬ್ಬಳು "ಮಕ್ಕಳನ್ನ ಚಾನಲ್‌ಗೆ ಬಿಟ್ಟು ಕೂರ್ತೀವೇನು ನಾವು?" ಅಂತ ರೇಗಿದಳು. ಶಾಲೆಯ ಓಂಕಾರಪ್ಪ ಅನ್ನುವವರು ಪಾಪ ರಿಜಿಸ್ಟರ್ ತೆಗೆದು ನೋಡಿದರು. ನಾನು ಚೀಲ ಹಿಡಿದು ನಿಂತಿರುತ್ತಿದ್ದೆ. ಇಲ್ಲದ ಮಗುವನ್ನು ಹುಡುಕುವವಳ ಹಿಂದೆ, ಇಲ್ಲ ಅಂತ ಗೊತ್ತಿರುವವಳು.

ಮೊನ್ನೆ ಶುಕ್ರವಾರ ತಡೆಯಲಾಗಲಿಲ್ಲ. ನಾಲೆಯಲ್ಲಿ ಈಗ ನೀರು ನಿಲ್ಲಿಸಿದ್ದಾರೆ, ತಳದ ಕೆಸರು ಬಿರಿದಿದೆ. ದಂಡೆಯ ಬೇವಿನ ಮರದ ಕೆಳಗೆ ಅಮ್ಮ ಚಪ್ಪಲಿ ಬಿಚ್ಚಿ ಕೂತಿದ್ದಳು. ಹಿಮ್ಮಡಿ ಒಡೆದು ರಕ್ತ ಬಂದಿತ್ತು. ಹೇಳಿಬಿಟ್ಟೆ. ಮಗು ಇಲ್ಲಮ್ಮ. ಯಾರೋ ಕಟ್ಟಿದ ಕಥೆ ಅದು. ಅವತ್ತು ಅವನಿಗೆ ಮೈ ಸುಡುತ್ತಿತ್ತು. ಹೋಗಲ್ಲ ಅಂದ. ನನ್ನ ಪಾಳಿ ಇತ್ತು, ನಾನೇ ಅವನನ್ನು ಅಟ್ಟಿದೆ. ಬೈ, ಹೊಡಿ, ಏನಾದರೂ ಮಾಡು ಅಂದೆ.

ಅಮ್ಮ ಹಿಮ್ಮಡಿಯ ಮಣ್ಣು ಒರೆಸುತ್ತಿದ್ದಳು. ನಿಲ್ಲಿಸಲಿಲ್ಲ.

"ಗೊತ್ತೈತೆ" ಅಂದಳು. "ಬೆಳಿಗ್ಗೆ ಎಬ್ಬಿಸಾಕೆ ಹೋದಾಗ ಹಣೆ ಮುಟ್ಟಿದ್ದೆ. ಸುಡ್ತಿತ್ತು. ಸಂಜಿಗೆ ಗಾದಿ ಕೊಡ್ಬೇಕಿತ್ತು ನಿಮ್ಮಪ್ಪ. ನೀನು ಓದ್ತಿದ್ದೆ. ನಾನೇ ಹೋಗ್ಬೋದಿತ್ತು, ಸೊಂಟ ನೋವು ಅಂತ ಮಲಗಿದ್ದೆ. ಅವ್ನು ಹೊದಿಕೆ ಗಂಟು ಹೊತ್ಕೊಂಡು ಹೋಗೋದು ನೋಡ್ದೆ. ಬ್ಯಾಡ ಅನ್ಲಿಲ್ಲ."

ಮೂರು ವರ್ಷ ಅವಳು ಕಂಡಕಂಡವರನ್ನು ಹೆಂಗೆ ಮುಳುಗಿದ ಅಂತ ಕೇಳುತ್ತಿದ್ದದ್ದು ಉತ್ತರ ಗೊತ್ತಿಲ್ಲದೆ ಅಲ್ಲ ಯಶೋಧರಾ. ಬೇರೆ ಉತ್ತರ ಯಾರಾದರೂ ಕೊಟ್ಟಾರೇನೋ ಅಂತ. ಅದನ್ನು ಕೊಟ್ಟವಳು ನೀನು.

"ಮತ್ತೆ ಯಾಕಮ್ಮ ಹಿಂಗೆ ತಿರುಗ್ತೀಯ?" ಅಂದೆ. ಬಾಯಿಬಿಟ್ಟು ಅಳುತ್ತಿದ್ದೆ ನಾನು.

"ನೀನು ಮಗು ಅಂದ ದಿನ ಕಣ್ತುಂಬ ನಿದ್ದೆ ಬಂತು ಕಣೆ" ಅಂದಳು. ಚಪ್ಪಲಿ ಮೆಟ್ಟಿದಳು. "ಏಳು. ಈ ಸಾಲಿನಾಗೆ ಇನ್ನೂ ಎರಡು ಮನೆ ಉಳ್ದಾವೆ."

ನಾನು ಚೀಲ ಎತ್ತಿಕೊಂಡೆ. ಮೊದಲ ಮನೆಗೆ ಬೀಗ. ಎರಡನೆಯದರ ಬಾಗಿಲು ತಟ್ಟಿದಳು. ಹೊರಗೆ ಬಂದವಳು ಇನ್ನೂ ಚಿಕ್ಕವಳು, ಸೊಂಟದ ಮೇಲೆ ಕೂಸು. ಅಮ್ಮ ಅದೇ ಮಾತು ಕೇಳಿದಳು, ಚಾನಲ್ಲು, ಗಂಡು ಮಗು, ನಮ್ಮ ಹುಡುಗ ಎತ್ತಿದ್ದ. ಆ ಹುಡುಗಿ ನನ್ನ ಮುಖ ನೋಡಿ, ಅಮ್ಮನ ಮುಖ ನೋಡಿ, "ಇಲ್ಲಮ್ಮ, ನಮ್ಮ ಕಡೆ ಯಾರೂ ಬಿದ್ದಿಲ್ಲ" ಅಂದಳು.

"ಇನ್ನೊಂದ್ಸಲ ನೆನಪು ಮಾಡ್ಕೊ ತಾಯಿ" ಅಂದಳು ಅಮ್ಮ.

ಯಾಸ್ಮೀನ್